ದಾಖಲೆ ಪುಸ್ತಕದ ಒಂದು ಸಾಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ದೂರವನ್ನು ‘ಒಂದು ಕೂಗಳತೆ’ ಎಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ. ಕೂಗು ಕಣಿವೆಯನ್ನು ದಾಟಿ ಆಚೆಯ ದಿಬ್ಬದ ಮನೆಯನ್ನು ಕ್ಷಣಮಾತ್ರದಲ್ಲಿ ಮುಟ್ಟುತ್ತದೆ. ಕಾಲು ಅಲ್ಲಿಗೆ ಮುಟ್ಟಬೇಕಾದರೆ ಗದ್ದೆಯ ಅಂಚಿನಲ್ಲಿ ಇಳಿದು, ಹಳ್ಳದ ಮೇಲಿನ ಕಾಲುಸಂಕವನ್ನು ದಾಟಿ, ಅಡಕೆ ತೋಟದ ಕಪ್ಪುಗಳನ್ನು ಹಾಯ್ದು, ಕೊನೆಗೆ ದರೆಯನ್ನು ಹತ್ತಬೇಕು. ಇಪ್ಪತ್ತಾರರ ಹರೆಯದಲ್ಲಿ ಹದಿನೈದು ನಿಮಿಷ ಹಿಡಿಯುತ್ತಿದ್ದ ಇಂಥ ಹಾದಿ ಐವತ್ತೇಳರಲ್ಲಿ ಮುಕ್ಕಾಲು ಗಂಟೆಯನ್ನು ಬೇಡುತ್ತದೆ. ಹಾದಿ ಇದ್ದಂತೆಯೇ ಇದೆ, ಮನೆಯೂ ಇದ್ದಲ್ಲಿಯೇ ಇದೆ.

ಸೇವೆಯ ಹಿರಿಮೆಯನ್ನು ಕೊಂಡಾಡುವ ಮಾತುಗಳಿಗೆ ಕನ್ನಡ ನಾಡಿನಲ್ಲಿ ಎಂದೂ ಬರವಿಲ್ಲ. ಆಹಾರ, ಔಷಧ, ಅಭಯ, ಶಾಸ್ತ್ರವೆಂದು ದಾನವನ್ನು ನಾಲ್ಕಾಗಿ ಎಣಿಸಿದ ಪೂರ್ವಿಕರು ಔಷಧಕ್ಕೂ ಅಲ್ಲಿ ಸ್ಥಾನವಿತ್ತರು. ಆದರೆ ಔಷಧವನ್ನು ಹೊತ್ತು ತರುವವರ ಕಾಲು ಸೋತಾಗ ಸಮಾಜದ ಕರ್ತವ್ಯವೇನು ಎಂದು ಕೇಳಿದವರು ವಿರಳ. ಕೊಡುವವನ ಪುಣ್ಯಕ್ಕೂ ಪಡೆಯುವವನ ಆರೋಗ್ಯಕ್ಕೂ ನಡುವೆ, ಮಳೆಯಲ್ಲಿ ನೆನೆಯುತ್ತ, ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತೆಸೆಯುತ್ತ ನಡೆಯುವ ಮೂರನೆಯ ವ್ಯಕ್ತಿಯೊಬ್ಬಳಿದ್ದಾಳೆ. ಈ ಬರಹ ಅಂಥ ಒಬ್ಬ ಮಹಿಳೆಯನ್ನೂ, ಅವರು ಬರೆದ ಒಂದು ಸಾಲನ್ನೂ ಕುರಿತದ್ದು.

ಅವರ ಹೆಸರು ಇಲ್ಲಿ ಅನಗತ್ಯ. ಊರಿನವರಿಗೆ ಅವರು ‘ನರ್ಸಮ್ಮ’. ಸರ್ಕಾರದ ಕಡತದಲ್ಲಿ ಬಹುಕಾಲ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಎಂದಿದ್ದ ಹುದ್ದೆ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂದಾಗಿದೆ. ಹೆಸರು ಉದ್ದವಾಯಿತು, ಹಾದಿ ಗಿಡ್ಡವಾಗಲಿಲ್ಲ. ಜಿಲ್ಲೆಯೊಂದೇ ಆದರೂ ಅವರು ಕಡೂರಿನ ಬಯಲುಸೀಮೆಯವರು. ರಾಗಿ ಹೊಲ ಮತ್ತು ತೆಂಗಿನ ತೋಟಗಳ ನಡುವೆ ಬೆಳೆದವರು. 1993ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕೊಪ್ಪ ತಾಲ್ಲೂಕಿನ ಒಂದು ಉಪಕೇಂದ್ರಕ್ಕೆ ನೇಮಕಗೊಂಡು ಬಂದ ದಿನ ಆರಿದ್ರಾ ಮಳೆ ಹಿಡಿದಿತ್ತಂತೆ. ಕೊಡೆ ಹಿಡಿದು ಬಸ್ಸಿಳಿದವರನ್ನು ನೋಡಿ ಅಂಗಡಿಯ ಮುದುಕರೊಬ್ಬರು, ಈ ಮಳೆಗೆ ಕೊಡೆ ಸಾಲದು ತಾಯೀ ಎಂದು ತಮ್ಮ ಕಂಬಳಿಕೊಪ್ಪೆಯನ್ನು ಕೊಟ್ಟರೆಂದು ಅವರು ಇಂದಿಗೂ ನೆನೆಯುತ್ತಾರೆ. ಕೊಪ್ಪದಲ್ಲಿ ಒಂಬತ್ತು ವರ್ಷ, ನರಸಿಂಹರಾಜಪುರದಲ್ಲಿ ಭದ್ರಾ ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ಹನ್ನೊಂದು ವರ್ಷ, ಆಮೇಲೆ ಶೃಂಗೇರಿ ತಾಲ್ಲೂಕಿನ ಕಾಡಂಚಿನ ಈಗಿನ ಉಪಕೇಂದ್ರ. 2027ರಲ್ಲಿ ಅವರಿಗೆ ಅರವತ್ತು ತುಂಬುತ್ತದೆ.

ಮೂವತ್ತು ವರ್ಷ ಕಳೆದರೂ ಅದೇ ಹುದ್ದೆ ಏಕೆ ಎಂದು ಓದುಗರು ಕೇಳಬಹುದು. ಉತ್ತರ ಸರಳ. ಆರು ಉಪಕೇಂದ್ರಗಳಿಗೆ ಒಬ್ಬ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂಬುದು ಸರ್ಕಾರದ ಮಾನದಂಡ. ಆರು ಜನ ನಿಂತ ಸಾಲಿನಲ್ಲಿ ಒಬ್ಬರಿಗೆ ಮಾತ್ರ ಬಡ್ತಿ. ಉಳಿದ ಐವರು ಸೇರಿದ ಮೆಟ್ಟಿಲಿನಲ್ಲಿಯೇ ನಿವೃತ್ತರಾಗಬೇಕು. ಶಿಕ್ಷಕನಿಗೆ ವಯಸ್ಸಾದರೆ ಅವನು ಕುಳಿತು ಪಾಠ ಹೇಳಬಹುದು. ಕಚೇರಿಯ ಗುಮಾಸ್ತನಿಗೆ ವಯಸ್ಸಾದರೆ ಅನುಭವವೇ ಅವನ ಕುರ್ಚಿಯಾಗುತ್ತದೆ. ಕ್ಷೇತ್ರದಲ್ಲಿ ನಡೆದಾಡುವ ಆರೋಗ್ಯ ಸಹಾಯಕಿಗೆ ಮಾತ್ರ ಐವತ್ತೆಂಟರಲ್ಲಿಯೂ ಇಪ್ಪತ್ತಾರರ ಕೆಲಸವೇ.

ಉಪಕೇಂದ್ರಗಳನ್ನು ಹಂಚಿರುವ ಬಗೆಯನ್ನೂ ಇಲ್ಲಿ ಹೇಳಬೇಕು. ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಎಂಬುದು ದೇಶಕ್ಕೆಲ್ಲ ಒಂದೇ ಆದ ನಿಯಮ. ಗುಡ್ಡಗಾಡಿಗೆ ರಿಯಾಯಿತಿ ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಹಿಡಿದದ್ದು ತಲೆಗಳನ್ನು, ದಿಬ್ಬಗಳನ್ನಲ್ಲ. ಬಯಲಿನ ಹಳ್ಳಿಯಲ್ಲಿ ನೂರು ಮನೆ ಒಂದೇ ಕೇರಿಯಲ್ಲಿ ಸಿಗುತ್ತವೆ. ಈ ಮೂರು ತಾಲ್ಲೂಕುಗಳಲ್ಲಿ ಊರೆಂದರೆ ಒಂದೊಂದು ತೋಟಕ್ಕೆ ಒಂದೊಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಹಳ್ಳವನ್ನಾದರೂ ದಾಟಬೇಕು. ಕಾಫಿ ಎಸ್ಟೇಟಿನ ಲೈನ್ ಮನೆಗಳಿಗೆ ದೂರದ ಅಸ್ಸಾಮಿನಿಂದ ಬಂದ ಕೂಲಿಗಳು ಸೇರಿದ್ದಾರೆ. ಅವರ ಮಾತು ಇವರಿಗೆ ತಿಳಿಯದು, ಇವರ ಮಾತು ಅವರಿಗೆ ತಿಳಿಯದು. ಕಾಡಾನೆಯ ಭಯ ಇತ್ತೀಚಿನ ವರ್ಷಗಳಲ್ಲಿ ಸೇರಿಕೊಂಡ ಹೊಸ ತೊಡಕು. ಆನೆ ಎದುರಾದರೆ ಓಡಬೇಕು ಎನ್ನುತ್ತಾರೆ ಅರಣ್ಯ ಇಲಾಖೆಯವರು. ಓಡಬಲ್ಲ ವಯಸ್ಸಿನವರಿಗೆ ಅದು ಒಳ್ಳೆಯ ಸಲಹೆ.

ಮನೆಗಳ ಒಳಗೂ ಕಾಲ ಬದಲಾಗಿದೆ. ಅಡಕೆಗೆ ಹಳದಿ ಎಲೆ ರೋಗ ತಗುಲಿ ತೋಟಗಳು ಸೊರಗಿದ ಮೇಲೆ, ಎಲೆಚುಕ್ಕೆ ರೋಗ ಅದರ ಬೆನ್ನಿಗೇ ಬಂದ ಮೇಲೆ, ಮಕ್ಕಳು ಬೆಂಗಳೂರಿನ ಕಡೆಗೆ ನಡೆದರು. ಎಂಟು ಅಂಕಣದ ಮನೆಯಲ್ಲಿ ಈಗ ಎಪ್ಪತ್ತು ದಾಟಿದ ಇಬ್ಬರು. 1993ರಲ್ಲಿ ನರ್ಸಮ್ಮನ ದಿನಚರಿ ಬಸುರಿ, ಬಾಣಂತಿ, ಹಸುಗೂಸುಗಳ ಸುತ್ತ ತಿರುಗುತ್ತಿತ್ತು. ಇಂದು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೇ ದಿನದ ಹೆಚ್ಚಿನ ಭಾಗ. ಮೂವತ್ತು ದಾಟಿದ ಪ್ರತಿಯೊಬ್ಬರನ್ನೂ ಪರೀಕ್ಷಿಸಬೇಕೆಂಬುದು ಈಗಿನ ಕಾರ್ಯಕ್ರಮ. ಪರೀಕ್ಷಿಸುವವರಿಗೇ ರಕ್ತದೊತ್ತಡವಿದೆ, ಮಂಡಿಯ ಸವೆತವಿದೆ. ಮುದುಕರ ಮನೆಗೆ ಮುದುಕಿಯಾಗುತ್ತಿರುವವಳು ಮಾತ್ರೆ ಹೊತ್ತು ಹತ್ತುವ ಈ ದೃಶ್ಯದಲ್ಲಿ ವಿನೋದ ಕಾಣುವವರಿಗೆ ಕಾಣಲಿ.

ವಯಸ್ಸು ಮೊದಲು ಬಂದದ್ದು ಕಾಲಿಗಲ್ಲ, ಕಣ್ಣಿಗೆ. ಲಸಿಕೆಯ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತವೆ. ಸೀಸೆಗೆ ಶಾಖ ತಗುಲಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಉಪಯುಕ್ತ; ಎರಡೂ ಒಂದೇ ಬಣ್ಣವಾದರೆ ಸೀಸೆಯನ್ನು ಬಿಸುಡಬೇಕು. ನಿಯಮ ಇಷ್ಟೇ. ಆದರೆ ಆಷಾಢದ ಮಧ್ಯಾಹ್ನ, ವಿದ್ಯುತ್ತು ಹೋದ ಅಂಗನವಾಡಿಯ ಕೋಣೆಯಲ್ಲಿ, ಐವತ್ತು ದಾಟಿದ ಕಣ್ಣಿಗೆ ಆ ಎರಡು ಬೂದುಬಣ್ಣಗಳ ಅಂತರ ಕಾಣುವುದು ಸುಲಭವಲ್ಲ. ಹುಟ್ಟಿದ ಮಗುವಿಗೆ ಬಿಸಿಜಿ ಲಸಿಕೆಯನ್ನು 0.05 ಮಿಲಿಲೀಟರ್ ಕೊಡಬೇಕು, ತಿಂಗಳು ದಾಟಿದ ಮಗುವಿಗೆ 0.1. ಸಿರಿಂಜಿನ ಮೇಲೆ ಈ ಎರಡು ಗೆರೆಗಳ ನಡುವಣ ಅಂತರ ಅಕ್ಕಿಯ ಕಾಳಿಗಿಂತಲೂ ಕಿರಿದು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನು ಮರೆಮಾಚುವುದು ಸಲ್ಲದು. ಕಣ್ಣು ಮಂಜಾದವರು ಲಸಿಕೆ ಹಾಕಬಹುದೇ? ಹಿರಿಯರ ಮೇಲಣ ಗೌರವಕ್ಕಾಗಿ ಹಸುಗೂಸನ್ನು ಅಪಾಯಕ್ಕೊಡ್ಡುವುದು ಧರ್ಮವಾಗುವುದಿಲ್ಲ. ನರ್ಸಮ್ಮ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡರು; ಯಾರೂ ಹೇಳುವ ಮುನ್ನವೇ 2019ರಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡರು. ಆ ಮೇಲೂ ಸೀಸೆಯನ್ನು ತಾವು ನೋಡಿದ ನಂತರ ಪಕ್ಕದಲ್ಲಿರುವ ಎಳೆಯ ಕಣ್ಣಿಗೆ, ಅದು ಆಶಾ ಕಾರ್ಯಕರ್ತೆಯಿರಲಿ, ಅಂಗನವಾಡಿಯವರಿರಲಿ, ತೋರಿಸಿ ‘ಚೌಕ ತಿಳಿಯಿದೆಯೇ ನೋಡು’ ಎಂದು ಕೇಳುವ ಅಭ್ಯಾಸ ಇಟ್ಟುಕೊಂಡರು. ಇದನ್ನು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ತನ್ನ ದೇಹದ ಕುಂದನ್ನು ಬಲ್ಲವನು ತಪ್ಪು ಮಾಡುವ ಸಂಭವ ಕಡಮೆ. ಅದನ್ನು ಒಪ್ಪಿಕೊಂಡರೆ ಶಿಕ್ಷೆಯಾಗುವುದೆಂಬ ಭಯವಿದ್ದಲ್ಲಿ ಮಾತ್ರ ಕುಂದು ಅಪಾಯವಾಗುತ್ತದೆ.

ಆ ಭಯ ಹುಟ್ಟಿದ್ದು ಮೊಬೈಲಿನ ಮೂಲಕ. ಮೊದಲು ಎಲ್ಲವೂ ದಪ್ಪ ರಟ್ಟಿನ ಪುಸ್ತಕಗಳಲ್ಲಿ ಇರುತ್ತಿತ್ತು: ಅರ್ಹ ದಂಪತಿಗಳ ದಾಖಲೆ, ತಾಯಿ ಮಕ್ಕಳ ದಾಖಲೆ, ಲಸಿಕೆಯ ದಾಖಲೆ. ಅವರ ಅಕ್ಷರ ಮುತ್ತಿನಂತಿದ್ದುದರಿಂದ ಮೇಲಧಿಕಾರಿಗಳು ಬೇರೆ ಉಪಕೇಂದ್ರದವರಿಗೆ ಅದನ್ನು ಮಾದರಿಯಾಗಿ ತೋರಿಸುತ್ತಿದ್ದರು. ಪುಸ್ತಕದ ಜೊತೆಗೆ ಆಮೇಲೆ ಟ್ಯಾಬ್ ಬಂತು, ಆರ್‌ಸಿಎಚ್ ಪೋರ್ಟಲ್ ಬಂತು, ಒಂದೊಂದು ರೋಗಕ್ಕೆ ಒಂದೊಂದು ಆ್ಯಪ್ ಬಂತು. ಪುಸ್ತಕ ಹೋಗಲಿಲ್ಲ, ಬರೆದದ್ದನ್ನೇ ಎರಡು ಸಲ, ಮೂರು ಸಲ ತುಂಬಬೇಕಾಯಿತು. ನೆಟ್‌ವರ್ಕ್ ಸಿಗುವ ಜಾಗ ಉಪಕೇಂದ್ರದಿಂದ ಒಂದು ಫರ್ಲಾಂಗ್ ಮೇಲೆ, ಹಲಸಿನ ಮರದ ಬುಡ. ಹಳ್ಳಿಯವರ ಫೋನಿಗೆ ಬಂದ ಓಟಿಪಿ ಅಂಕಿಯನ್ನು ಅವರು ಕೂಗಿ ಹೇಳುವುದರೊಳಗೆ ಅವಧಿ ಮುಗಿದಿರುತ್ತದೆ. ಉಪಕೇಂದ್ರಕ್ಕೆ ಬಂದ ಸಮುದಾಯ ಆರೋಗ್ಯ ಅಧಿಕಾರಿ ಇಪ್ಪತ್ತೇಳರ ತರುಣಿ, ಒಳ್ಳೆಯ ಹುಡುಗಿ. ‘ಕೊಡಿ ಅಕ್ಕಾ, ನಾನು ಹಾಕ್ತೀನಿ’ ಎಂದು ಸಂಜೆ ಕುಳಿತು ಎಲ್ಲವನ್ನೂ ತುಂಬಿಕೊಡುತ್ತಾಳೆ. ಆದರೆ ಕೃತಜ್ಞತೆಯೂ ಒಂದು ಭಾರವೇ. ಮೂವತ್ತು ವರ್ಷ ಇತರರಿಗೆ ಕಲಿಸಿದವರು ದಿನವೂ ಸಂಜೆ ಕೈಯೊಡ್ಡಿ ನಿಲ್ಲಬೇಕಾದಾಗ ಮನಸ್ಸಿನಲ್ಲಿ ಆಗುವ ಕುಗ್ಗನ್ನು ಯಾವ ತರಬೇತಿ ಶಿಬಿರವೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ತಿಂಗಳ ಸಭೆಯಲ್ಲಿ ಗೋಡೆಯ ಮೇಲೆ ಶೇಕಡಾವಾರು ಪಟ್ಟಿ ಮೂಡುತ್ತದೆ. ಕೆಂಪು ಬಣ್ಣದಲ್ಲಿ ಇರುವ ಉಪಕೇಂದ್ರದವರು ಎದ್ದು ನಿಲ್ಲಬೇಕು.

ಇಂಥ ಕೆಂಪಿನ ಭಯದಲ್ಲಿಯೇ ಆ ಸಾಲು ಬರೆಯಲ್ಪಟ್ಟಿತು.

ಅದು 2024ರ ಫೆಬ್ರವರಿ. ಮಂಗನ ಕಾಯಿಲೆಯನ್ನು ಕುರಿತು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಹೊರಗಿನ ಓದುಗರಿಗಾಗಿ ಎರಡು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರ ಉಣುಗುಗಳ ಕಡಿತದಿಂದ ಹರಡುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗು ನೆಲಕ್ಕಿಳಿದು, ದರಗು ಗುಡಿಸಲು, ಸೌದೆ ತರಲು ಹೋದವರನ್ನು ಹಿಡಿಯುತ್ತದೆ. ಮಳೆಗಾಲ ಕಳೆದ ಮೇಲೆ ಆರಂಭವಾಗಿ ಬೇಸಗೆಯ ತನಕ ಅದರ ಕಾಲ. ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಮೈಕೈನೋವು, ಕೆಲವರಲ್ಲಿ ರಕ್ತಸ್ರಾವ. ಅದಕ್ಕೆಂದೇ ಆದ ಮದ್ದು ಇಂದಿಗೂ ಇಲ್ಲ. ಬೇಗ ಪತ್ತೆಯಾಗಿ ಆರೈಕೆ ಸಿಕ್ಕಿದರೆ ಉಳಿಯುವ ಸಂಭವ ಹೆಚ್ಚು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ನಿರೀಕ್ಷಿತ ರಕ್ಷಣೆ ನೀಡುವುದಿಲ್ಲವೆಂದು ತಿಳಿದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೀಗಾಗಿ ಉಳಿದ ಆಯುಧಗಳು ಎರಡೇ: ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ ಮತ್ತು ಮನೆಮನೆಯ ಜ್ವರ ಸಮೀಕ್ಷೆ. ಎರಡೂ ಕಾಲ್ನಡಿಗೆಯಿಂದಲೇ ಆಗಬೇಕಾದ ಕೆಲಸಗಳು. 2024ರ ಆ ಹಾವಳಿಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಪ್ರಕರಣಗಳು ಕಂಡುಬಂದವು. ಮೃತರಾದವರಲ್ಲಿ ಶೃಂಗೇರಿ ತಾಲ್ಲೂಕಿನ ವೃದ್ಧರೊಬ್ಬರೂ ಇದ್ದರು.

ಪಕ್ಕದ ಉಪಕೇಂದ್ರ ಖಾಲಿಯಾಗಿದ್ದುದರಿಂದ ಅದರ ಪ್ರಭಾರವೂ ನರ್ಸಮ್ಮನ ಮೇಲೆಯೇ ಇತ್ತು. ಬೆಳಗ್ಗೆ ಎಂಟಕ್ಕೆ ಹೊರಟವರು ಸಂಜೆ ನಾಲ್ಕರ ಹೊತ್ತಿಗೆ ಮೂವತ್ತನಾಲ್ಕು ಮನೆ ಮುಗಿಸಿದ್ದರು. ಮೂವತ್ತೈದನೆಯದು ದರೆಯ ಮೇಲಿನ ಮನೆ. ಅಲ್ಲಿ ವೃದ್ಧ ದಂಪತಿಗಳಿಬ್ಬರೇ. ಕಾಲುಸಂಕದವರೆಗೆ ಬಂದಾಗ ಬಲಮಂಡಿ ಬಾತು ಮಡಚಲಾರದಂತಾಗಿತ್ತು. ಜೊತೆಗೆ ಬರಬೇಕಾಗಿದ್ದ ಆಶಾ ಕಾರ್ಯಕರ್ತೆ ಅಂದು ಬೇರೊಂದು ರೋಗಿಯೊಡನೆ ಆಸ್ಪತ್ರೆಗೆ ಹೋಗಿದ್ದರು. ಕೆಳಗಿನಿಂದಲೇ ಕೂಗಿದರು. ಮೇಲಿನಿಂದ ‘ಓ’ ಎಂಬ ಹೆಂಗಸಿನ ದನಿ ಬಂತು. ‘ಯಾರಿಗಾದರೂ ಜ್ವರ ಉಂಟಾ?’ ಎಂದು ಕೇಳಿದರು. ‘ಇಲ್ಲ’ ಎಂಬ ಉತ್ತರ ಸ್ಪಷ್ಟವಾಗಿಯೇ ಕೇಳಿಸಿತು. ಸಂಕದ ಕಟ್ಟೆಯ ಮೇಲೆ ಕುಳಿತು ಪುಸ್ತಕ ತೆರೆದು ಬರೆದರು: ಮನೆ ಭೇಟಿ ಮಾಡಲಾಗಿದೆ, ಜ್ವರವಿಲ್ಲ.

ನಾಲ್ಕು ದಿನಗಳ ನಂತರ ಆ ಮನೆಯ ಯಜಮಾನರನ್ನು ನೆರೆಯವರು ಜೀಪಿನಲ್ಲಿ ಆಸ್ಪತ್ರೆಗೆ ತಂದರು. ಜ್ವರ ಬಂದು ಆರು ದಿನವಾಗಿತ್ತು. ಲೆಕ್ಕ ಹಾಕುವುದು ಕಷ್ಟವಲ್ಲ: ನರ್ಸಮ್ಮ ಸಂಕದ ಬಳಿ ನಿಂತು ಕೂಗಿದ ದಿನ ಅವರು ಒಳಗಿನ ಕೋಣೆಯಲ್ಲಿ ಎರಡು ದಿನಗಳ ಜ್ವರದಲ್ಲಿ ಮಲಗಿದ್ದರು. ಅವರ ಹೆಂಡತಿಗೆ ಕಿವಿ ಮಂದ. ‘ಮಗ ಬಂದಿದಾನಾ ಅಂತ ಕೇಳಿದಿರಿ ಅಂದ್ಕೊಂಡೆ ನರ್ಸಮ್ಮ, ಇಲ್ಲ ಅಂದೆ’ ಎಂದು ಆಕೆ ಆಸ್ಪತ್ರೆಯ ಜಗುಲಿಯಲ್ಲಿ ಅತ್ತರು. ತಪ್ಪು ತನ್ನದೆಂದೇ ಆ ತಾಯಿ ಭಾವಿಸಿದ್ದರು.

ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಯಿತು. ಆ ಕೆಲವು ದಿನಗಳನ್ನು ನರ್ಸಮ್ಮ ಹೇಗೆ ಕಳೆದರೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಫಲಿತಾಂಶ ನೆಗೆಟಿವ್ ಬಂತು. ಬೇರೆ ಯಾವುದೋ ಜ್ವರ. ಮುದುಕರು ವಾರದಲ್ಲಿ ಚೇತರಿಸಿಕೊಂಡು ಮನೆಗೆ ಮರಳಿದರು. ವ್ಯವಹಾರದ ದೃಷ್ಟಿಯಿಂದ ನೋಡಿದರೆ ಪ್ರಕರಣ ಅಲ್ಲಿಗೆ ಮುಗಿಯಿತು. ಸಾಲು ಮಾತ್ರ ಪುಸ್ತಕದಲ್ಲಿ ಉಳಿಯಿತು, ಪೋರ್ಟಲ್‌ನಲ್ಲಿಯೂ ಉಳಿಯಿತು.

ಅವರು ಮರುದಿನ ಪುಸ್ತಕವನ್ನು ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ವೈದ್ಯಾಧಿಕಾರಿ ಅವರ ಮಗನ ವಯಸ್ಸಿನವರು, ದುಡಿಮೆಗಾರರು, ಕೆಟ್ಟವರಲ್ಲ. ಎಲ್ಲವನ್ನೂ ಕೇಳಿದ ಮೇಲೆ ಅವರೆಂದರು: ‘ಸಿಸ್ಟರ್, ರಿಪೋರ್ಟ್ ನೆಗೆಟಿವ್ ಬಂದಿದೆಯಲ್ಲ, ಬಿಟ್ಟುಬಿಡಿ. ಈಗ ತಿದ್ದಿದರೆ ಮೇಲಿನಿಂದ ಇಬ್ಬರಿಗೂ ಪ್ರಶ್ನೆ ಬರುತ್ತದೆ.’

‘ಡಾಕ್ಟರೇ, ರಕ್ತ ನೆಗೆಟಿವ್ ಆಯಿತು. ನಾನು ಬರೆದದ್ದು ಸುಳ್ಳೇ ತಾನೇ?’

ಈ ಸಂವಾದದಲ್ಲಿ ತರುಣ ವೈದ್ಯರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾನಿ ಆಗಿಲ್ಲ, ಉದ್ದೇಶ ಕೆಟ್ಟದಾಗಿರಲಿಲ್ಲ, ಕೂಗಿ ಕೇಳಿದ್ದೂ ನಿಜ, ಉತ್ತರ ಬಂದದ್ದೂ ನಿಜ. ಬಹಳ ಜನ ಇಷ್ಟರಲ್ಲಿಯೇ ಸಮಾಧಾನ ಪಡುತ್ತಾರೆ. ಆದರೆ ಸುಳ್ಳಿನ ಹಾನಿಯನ್ನು ಅದರ ಫಲದಿಂದ ಮಾತ್ರ ಅಳೆಯುವವರು ಅದೃಷ್ಟವನ್ನು ಸದ್ಗುಣವೆಂದು ಭ್ರಮಿಸುತ್ತಾರೆ. ಅಲ್ಲದೆ ಆ ಸಾಲು ಒಬ್ಬರದೇ ಸುಳ್ಳೇ ಎಂಬುದನ್ನೂ ಯೋಚಿಸಬೇಕು. ಐವತ್ತಾರು ದಾಟಿದ ಹೆಂಗಸೊಬ್ಬಳು ಎರಡು ಉಪಕೇಂದ್ರಗಳ ದಿಬ್ಬಗಳನ್ನೆಲ್ಲ ಒಂದು ವಾರದಲ್ಲಿ ಹತ್ತಬಲ್ಲಳೆಂದು ನಂಬಿದಂತೆ ನಟಿಸಿದ ವ್ಯವಸ್ಥೆ ಮೊದಲ ಸುಳ್ಳನ್ನು ಬರೆದಾಗಿತ್ತು. ಅವರು ಬರೆದದ್ದು ಎರಡನೆಯದು. ಹೀಗೆಂದ ಮಾತ್ರಕ್ಕೆ ಎರಡನೆಯದು ತೊಳೆದುಹೋಗುವುದಿಲ್ಲ. ನರ್ಸಮ್ಮನೂ ಹಾಗೆ ಹೇಳಲಿಲ್ಲ. ಅವರು ಆ ಸಾಲನ್ನು ಓದಲು ಬರುವಂತೆಯೇ ಒಂದು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಮನೆಗೆ ಹೋಗಿರಲಿಲ್ಲ, ಕೆಳಗಿನಿಂದ ಕೂಗಿ ಕೇಳಿದ್ದು’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿದರು.

ಅಂದು ಬೇರೆ ರೋಗಿಯೊಡನೆ ಹೋಗಿದ್ದ ಆಶಾ ಕಾರ್ಯಕರ್ತೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಅವರ ಪಾಡು ಇನ್ನೂ ಕಷ್ಟದ್ದು. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಆರಂಭವಾದಾಗ, ಸಾವಿರ ಜನಸಂಖ್ಯೆಗೆ ಒಬ್ಬರಂತೆ, 25ರಿಂದ 45ರ ವಯಸ್ಸಿನ ಹೆಂಗಸರನ್ನು ಅವರವರ ಊರಿನಿಂದಲೇ ಆರಿಸಬೇಕೆಂದು ಗೊತ್ತುಮಾಡಲಾಯಿತು. ಇವರು 2008ರಲ್ಲಿ ಸೇರಿದರು, ಆಗಲೇ ನಲವತ್ತೆರಡು. ಕರ್ನಾಟಕದಲ್ಲಿ ಸುಮಾರು 42,000 ಮಂದಿ ಆಶಾ ಕಾರ್ಯಕರ್ತೆಯರಿದ್ದಾರೆ. ಆರಂಭದಲ್ಲಿ ಸೇರಿದ ತಂಡ ಒಟ್ಟಿಗೇ ಮುಪ್ಪಿನ ಹೊಸ್ತಿಲಿಗೆ ಬಂದು ನಿಂತಿದೆ. ಅವರಿಗೆ ಸಿಗುವುದು ವೇತನವಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ‘ಗೌರವ’ ಎಂಬ ಶಬ್ದವನ್ನು ಹಣದ ಹಿಂದೆ ಅಂಟಿಸಿದಾಗ ಹಣ ಕಡಮೆಯಾಗುವುದು ಭಾಷೆಯ ಒಂದು ವಿಚಿತ್ರ.

2018ರಲ್ಲಿ ಕೇಂದ್ರ ಸರ್ಕಾರ ಆಶಾ ಕಾರ್ಯಕರ್ತೆಯರಿಗೆ ವಿಮೆಯ ಸೌಲಭ್ಯಗಳನ್ನು ಪ್ರಕಟಿಸಿತು. ಮರುವರ್ಷ ಪಿಂಚಣಿ ಯೋಜನೆಯನ್ನೂ ಸೇರಿಸಿತು. ಜೀವವಿಮೆಗೆ ಸೇರಲು ವಯಸ್ಸು 50 ಮೀರಿರಬಾರದು. ಅರವತ್ತರ ನಂತರ ತಿಂಗಳಿಗೆ 3,000 ರೂಪಾಯಿ ಬರುವ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ ಸೇರಲು 40 ಮೀರಿರಬಾರದು. ನಮ್ಮ ಆಶಾ ಕಾರ್ಯಕರ್ತೆಗೆ ಆಗ ಐವತ್ತೆರಡು, ಐವತ್ತಮೂರು. ಯೋಜನೆಯ ಕರಪತ್ರವನ್ನು ಮನೆಮನೆಗೆ ಹಂಚಿದವರು ಅವರೇ. ವಿಮೆಯ ಗಣಿತಕ್ಕೆ ವಯಸ್ಸಿನ ಮಿತಿ ಅನಿವಾರ್ಯವೆಂಬ ವಾದವುಂಟು. ಆದರೆ 45ರವರೆಗೆ ಸೇರಿಸಿಕೊಳ್ಳುವ ಕೆಲಸಕ್ಕೆ 40ರವರೆಗೆ ಮಾತ್ರ ಪಿಂಚಣಿಯೆಂದರೆ, ಆ ಗಣಿತ ಯಾರನ್ನು ಹೊರಗಿಟ್ಟಿತೆಂಬುದು ಸ್ಪಷ್ಟ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ನೀಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರು ಗ್ರ್ಯಾಚುಯಿಟಿಗೆ ಅರ್ಹರೆಂದು ತೀರ್ಪಿತ್ತಿತ್ತು; ಆಶಾ ಕಾರ್ಯಕರ್ತೆಯರು ಆ ತೀರ್ಪಿನಲ್ಲಿ ಇರಲಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ನಾಲ್ಕು ದಿನಗಳ ಧರಣಿ ನಡೆದು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಆಗಸ್ಟಿನಲ್ಲಿ ಮತ್ತೆ ಧರಣಿ ಕೂರಬೇಕಾಯಿತು. ಹತ್ತು ವರ್ಷ ದುಡಿದು ಬಿಡುವವರಿಗೆ ಕೇಂದ್ರದಿಂದ ದೊರೆಯುವ ಇಡಿಗಂಟನ್ನು 20,000ದಿಂದ 50,000 ರೂಪಾಯಿಗೆ ಏರಿಸಿದ್ದು ಆ ವರ್ಷದ ಒಂದು ಸಮಾಧಾನ. ಹದಿನೆಂಟು ವರ್ಷದ ನಡಿಗೆಗೆ ಐವತ್ತು ಸಾವಿರ.

ಇದು ಈ ನಾಡಿನ ಸಮಸ್ಯೆ ಮಾತ್ರವಲ್ಲ. ಚೀನಾ ದೇಶದ ‘ಬರಿಗಾಲ ವೈದ್ಯರು’ ಒಂದು ಕಾಲಕ್ಕೆ ಜಗತ್ತಿಗೇ ಮಾದರಿಯಾಗಿದ್ದರು. 1985ರಲ್ಲಿ ಆ ಹೆಸರನ್ನೇ ಕೈಬಿಡಲಾಯಿತು. ಹಳ್ಳಿಗಳಲ್ಲಿ ಉಳಿದು ಮುಪ್ಪಾದವರು ಪಿಂಚಣಿಗಾಗಿ ವರ್ಷಾನುಗಟ್ಟಲೆ ಅರ್ಜಿ ಹಿಡಿದು ಅಲೆದರು. ಹೊಗಳಿಕೆ ಎಲ್ಲೆಡೆಯೂ ಬೇಗ ಬರುತ್ತದೆ.

ಕೆಂಪು ಶಾಯಿಯ ಫಲ ಹದಿನೈದು ದಿನಗಳಲ್ಲಿ ಬಂತು: ಕರ್ತವ್ಯಲೋಪಕ್ಕೆ ಕಾರಣ ಕೇಳಿ ಒಂದು ನೋಟೀಸು. ನಿವೃತ್ತಿಯ ಹೊಸ್ತಿಲಿನಲ್ಲಿ ಸೇವಾಪುಸ್ತಕಕ್ಕೆ ಕಪ್ಪು ಚುಕ್ಕೆ ಬಿದ್ದರೆ ಪಿಂಚಣಿಯ ಕಡತ ಎಲ್ಲಿ ಸಿಕ್ಕಿಬೀಳುವುದೋ ಎಂದು ಮನೆಯವರು ಕಂಗಾಲಾದರು. ಗಂಡ ಒಂದು ದಿನ ಊಟ ಬಿಟ್ಟರು. ‘ಮೂವತ್ತು ವರ್ಷ ನೆಟ್ಟಗೆ ಮಾಡಿ ಈಗ ಯಾಕೆ ಬೇಕಿತ್ತು?’ ಎಂದು ಸಹೋದ್ಯೋಗಿಗಳೇ ಕೇಳಿದರು. ಅವರಲ್ಲಿ ಕೆಲವರ ದನಿಯಲ್ಲಿ ಸಿಟ್ಟೂ ಇತ್ತು. ಒಬ್ಬರು ಸತ್ಯ ಬರೆದರೆ ಉಳಿದವರ ಪುಸ್ತಕಗಳನ್ನೂ ಯಾರಾದರೂ ತೆರೆದು ನೋಡಿಯಾರೆಂಬ ಅಂಜಿಕೆ ಅದು. ಆ ಅಂಜಿಕೆಯೇ ಸಾಕಷ್ಟನ್ನು ಹೇಳುತ್ತದೆ.

ನರ್ಸಮ್ಮ ಉತ್ತರವನ್ನು ಮೂರು ಸಂಜೆ ಕುಳಿತು ಬರೆದರು. ತಪ್ಪನ್ನು ಮೊದಲ ವಾಕ್ಯದಲ್ಲಿಯೇ ಒಪ್ಪಿಕೊಂಡರು. ಆಮೇಲೆ, ಯಾರೂ ಕೇಳದಿದ್ದರೂ, ಒಂದು ಪಟ್ಟಿ ಕೊಟ್ಟರು: ತಮ್ಮ ವ್ಯಾಪ್ತಿಯಲ್ಲಿ ತಾವು ಇನ್ನು ಮುಂದೆ ನಿಯಮಿತವಾಗಿ ಹತ್ತಿ ಹೋಗಲಾರದ ಹನ್ನೊಂದು ಮನೆಗಳು. ಪ್ರತಿ ಮನೆಯ ಮುಂದೆ ಅಲ್ಲಿರುವವರ ವಯಸ್ಸು, ದಾರಿಯಲ್ಲಿ ದಾಟಬೇಕಾದ ಹಳ್ಳ, ಮಳೆಗಾಲದಲ್ಲಿ ಸಂಕ ಇರುವುದೋ ಕೊಚ್ಚಿ ಹೋಗುವುದೋ ಎಂಬ ವಿವರ. ಆ ಹನ್ನೊಂದರಲ್ಲಿ ಏಳು ಮನೆಗಳು ಗುಡ್ಡದ ಆ ಬದಿಯ ಉಪಕೇಂದ್ರದಿಂದ ಹತ್ತಿರವಾಗಿದ್ದವು. ಗ್ರಾಮದ ಎಲ್ಲೆ ಗುಡ್ಡದ ನೆತ್ತಿಯಿಂದ ಈಚೆ ಹಾದುದರಿಂದ ಮಾತ್ರ ಇವರ ಪಾಲಿಗೆ ಬಂದಿದ್ದವು. ಈ ಸಂಗತಿ ಊರಿನ ಎಲ್ಲರಿಗೂ ಗೊತ್ತಿತ್ತು. ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ.

ನೋಟೀಸು ಎಚ್ಚರಿಕೆಯಲ್ಲಿ ಮುಗಿಯಿತು. ಅದಕ್ಕಿಂತ ಮುಖ್ಯವಾದದ್ದು, ಅಂದು ‘ಬಿಟ್ಟುಬಿಡಿ’ ಎಂದಿದ್ದ ತರುಣ ವೈದ್ಯಾಧಿಕಾರಿ ಆ ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡು ಎರಡು ಉಪಕೇಂದ್ರದವರನ್ನೂ ಕರೆಸಿದರು. ಏಳು ಮನೆಗಳನ್ನು ಆ ಬದಿಯ ಎಳೆಯ ಸಹಾಯಕಿ ನೋಡಿಕೊಳ್ಳುವುದು, ಅದಕ್ಕೆ ಬದಲಾಗಿ ರಸ್ತೆಬದಿಯ ಕಾಲೊನಿಯ ಮೂವತ್ತು ಮನೆಗಳನ್ನು ನರ್ಸಮ್ಮ ತೆಗೆದುಕೊಳ್ಳುವುದು ಎಂದು ಗೊತ್ತಾಯಿತು. ಇದಕ್ಕೆ ಲಿಖಿತ ಆದೇಶವಿಲ್ಲ. ವೈದ್ಯಾಧಿಕಾರಿಗೆ ವರ್ಗವಾದರೆ ಏರ್ಪಾಡೂ ಅವರ ಜೊತೆಗೇ ಹೋಗಬಹುದು. ಎಳೆಯ ಸಹಾಯಕಿ ವಾರಕ್ಕೊಮ್ಮೆ ಬಂದು ಹಳೆಯ ಬಾಣಂತನದ ಕಥೆಗಳನ್ನೂ, ಯಾವ ಮನೆಯಲ್ಲಿ ಯಾರು ಯಾವ ಮಾತ್ರೆಯನ್ನು ಕದ್ದು ಬಿಸುಡುತ್ತಾರೆಂಬ ಗುಟ್ಟನ್ನೂ ಕೇಳಿಕೊಂಡು ಹೋಗುತ್ತಾಳೆ. ಆ ಗುಟ್ಟುಗಳು ಯಾವ ಪೋರ್ಟಲ್‌ನಲ್ಲಿಯೂ ಸಿಗುವುದಿಲ್ಲ.

ಉಳಿದ ನಾಲ್ಕು ಮನೆಗಳನ್ನು ಹಂಚಲು ಯಾರೂ ಸಿಗಲಿಲ್ಲ. ಅವುಗಳಲ್ಲಿ ದರೆಯ ಮೇಲಿನ ಆ ವೃದ್ಧ ದಂಪತಿಗಳ ಮನೆಯೂ ಒಂದು. ನರ್ಸಮ್ಮ ತಿಂಗಳಿಗೊಮ್ಮೆ, ಬೇರೆ ಕೆಲಸವಿಲ್ಲದ ಒಂದು ಬೆಳಗ್ಗೆ, ಕೋಲೂರಿಕೊಂಡು ಅಲ್ಲಿಗೆ ಹತ್ತುತ್ತಾರೆ. ದಾರಿಯಲ್ಲಿ ಎರಡು ಕಡೆ ಕುಳಿತು ಏಳುತ್ತಾರೆ. ಜಗುಲಿಗೆ ಕಾಲಿಟ್ಟೊಡನೆ ಮನೆಯೊಡತಿ, ‘ಆಸರಿಗೆ ಎಂತ ಕೊಡಲಿ ನರ್ಸಮ್ಮ?’ ಎನ್ನುತ್ತ ಒಳಗೆ ಹೋಗುತ್ತಾರೆ. ಕಿವಿ ಕೇಳಿಸದಿರುವುದರಿಂದ ಉತ್ತರಕ್ಕೆ ಕಾಯುವುದಿಲ್ಲ. ಯಜಮಾನರ ರಕ್ತದೊತ್ತಡ ನೋಡಿ, ಮಾತ್ರೆ ಎಣಿಸಿಕೊಟ್ಟು, ಮಜ್ಜಿಗೆ ಕುಡಿದು, ಅವರು ಪುಸ್ತಕ ತೆರೆಯುತ್ತಾರೆ. ಅದರಲ್ಲಿ ಅವರೇ ಸ್ಕೇಲು ಹಿಡಿದು ಎಳೆದುಕೊಂಡ ಒಂದು ಹೊಸ ಅಂಕಣವಿದೆ. ಇಲಾಖೆಯ ನಮೂನೆಯಲ್ಲಿ ಅದು ಇಲ್ಲ. ಮೇಲೆ ‘ಹತ್ತಲು ಹಿಡಿದ ಸಮಯ’ ಎಂದು ಬರೆದಿದ್ದಾರೆ. ಕಳೆದ ಸಲ ಆ ಮನೆಯ ಮುಂದೆ 45 ನಿಮಿಷ ಎಂದು ಇತ್ತು. ಈ ಸಲ 50.